ಟಿವಿಯ ಬೆನ್ನು ಬಲ್ಲ ಸುಂದರವ್ವ

ಬೆಳಿಗ್ಗೆ ಏಳು ಗಂಟೆ. ಗೋವಾದ ವಾಸ್ಕೋ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿರುವ ಟಿವಿ ಅಂಗಡಿಯ ಶಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ ಮೂವತ್ತೊಂದು ಟಿವಿಗಳು ಕಪ್ಪಗೆ ಸಾಲು ಹಿಡಿದು ನಿಂತಿವೆ. ಕೈಯಲ್ಲಿ ಒಣ ಹತ್ತಿ ಬಟ್ಟೆ ಹಿಡಿದು ಸುಂದರವ್ವ ಒಂದೊಂದರ ಹಿಂದೆಯೂ ತೂರಿಕೊಂಡು ಹೋಗುತ್ತಾರೆ. ಮುಂದಿನ ಗಾಜಿಗೆ ಒಂದು ನಿಮಿಷ, ಹಿಂದಿನ ಬೆನ್ನಿಗೆ ಮೂರು ನಿಮಿಷ. ಸಮುದ್ರದ ಗಾಳಿಗೆ ವೈರಿನ ತುದಿಗಳು ಹಸಿರು ಹಿಡಿಯುತ್ತವೆ; ಅದನ್ನೂ ಒರೆಸಬೇಕು. ಗಿರಾಕಿಗಳು ಬರುವುದು ಹತ್ತಕ್ಕೆ. ಅಷ್ಟರೊಳಗೆ ನೆಲ, ಗಾಜು, ಬೆನ್ನು ಎಲ್ಲ ಮುಗಿಯಬೇಕು.

ಇಂದು ಅವರ ಲಕ್ಷ್ಯ ಕೆಲಸದ ಮೇಲಿಲ್ಲ. ಒಂದೇ ಟಿವಿಯನ್ನು ಮೂರು ಸಲ ಒರೆಸಿದ್ದನ್ನು ನಾನೇ ನೋಡಿದೆ.

"ನಿನ್ನಿ ರಾತ್ರಿ ನಿದ್ದಿ ಹತ್ತಿಲ್ರಿ ಸರ," ಎನ್ನುತ್ತಾರೆ. "ನೀವು ಚಲೋ ದಿನಾ ನೋಡಿ ಬರಬೇಕಾಗಿತ್ತು."

ಚಲೋ ದಿನವೆಂದೇ ನಾನು ಬಂದಿದ್ದೆ. ಕಸ ಗುಡಿಸುವ ಹೆಂಗಸೊಬ್ಬರು ಇಲ್ಲೇ ಹತ್ತಿರದ ಝುವಾರಿನಗರಕ್ಕೆ ದುಡಿಯಲು ಬಂದಿರುವ ನಮ್ಮ ಕಡೆಯ ಜನಕ್ಕೆಲ್ಲ ಟಿವಿ ಆರಿಸಿಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ಪತ್ರಿಕೆಯ ಪುರವಣಿಗೆ ಒಂದು ನಗುನಗುತ್ತಾ ಓದುವ ಬರಹವಾದೀತು ಎಂದುಕೊಂಡು ಬಸ್ಸು ಹತ್ತಿದ್ದೆ. ಇಲ್ಲಿ ನೋಡಿದರೆ ಅವರ ಕೆಲಸವೇ ತೂಗುಯ್ಯಾಲೆಯಲ್ಲಿದೆ. ಸುಂದರವ್ವನ ಮಾತು ನಂಬಿ ಟಿವಿ ಕೊಂಡ ದೇವಲಪ್ಪ ಎಂಬ ಗಿರಾಕಿ ಗುರುವಾರ ಅಂಗಡಿಗೆ ಬಂದು, ಚಿತ್ರ ಮಂಜುಮಂಜು, ಟಿವಿ ವಾಪಸ್ ತಗೊಳ್ಳಿ ಎಂದು ಕೂಗಾಡಿ ಹೋಗಿದ್ದಾರೆ. ಮಾಲೀಕರು ಬೆಳಗಾವಿಯ ಗುರುಪಾದಪ್ಪ. ಅವರು ಒಂದೇ ಮಾತು ಹೇಳಿದ್ದಾರೆ: ಶನಿವಾರದೊಳಗೆ ಹೋಗಿ ನೋಡು, ಟಿವಿ ತಿರುಗಿ ಬಂದರೆ ಸೋಮವಾರದಿಂದ ನೀನು ಬರುವುದು ಬೇಡ. ಇವತ್ತು ಶನಿವಾರ.

ಸುಂದರವ್ವ ಸಿಂದಗಿ ತಾಲ್ಲೂಕಿನವರು. ಹದಿನೈದು ವರ್ಷದ ಹಿಂದೆ ಗಂಡ ಪರಮಣ್ಣನ ಜೊತೆ ಗೋವಾಕ್ಕೆ ಬಂದರು. ಗಂಡ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು, ಇವರು ಸಾಂಕೋಲೆಯ ಕಟ್ಟಡಗಳಲ್ಲಿ ಗಾರೆಯ ಬುಟ್ಟಿ ಹೊರುತ್ತಿದ್ದರು. ಪರಮಣ್ಣನ ಸೊಂಟ ಹಿಡಿದುಕೊಂಡ ಮೇಲೆ ಅವರಿಗೆ ಕಾರ್ಖಾನೆಯೊಂದರ ಗೇಟಿನಲ್ಲಿ ಕೂರುವ ಕೆಲಸ ಸಿಕ್ಕಿತು, ಇವರಿಗೆ ಈ ಅಂಗಡಿ. ಎಂಟು ವರ್ಷವಾಯಿತು. ಡಬ್ಬದಂಥ ದಪ್ಪ ಟಿವಿಗಳು ಹೋಗಿ ತೆಳ್ಳಗಿನವು ಬಂದದ್ದನ್ನು ಇವರು ನೋಡಿದ್ದು ಹಿಂಬದಿಯಿಂದಲೇ.

ಇಂಗ್ಲಿಷ್ ಅಕ್ಷರ ಬಾರದು. ಆಕಾರ ಗೊತ್ತು, ಬಣ್ಣ ಗೊತ್ತು. ಸೇಲ್ಸ್‌ಮನ್‌ಗಳು ಗಿರಾಕಿಗೆ ವಿವರಿಸುವಾಗ ನೆಲ ಒರೆಸುತ್ತಾ ಕೇಳಿಸಿಕೊಂಡರು. ಯಾವ ವೈರು ಯಾವ ಕಿಂಡಿಗೆ ಹೋದರೆ ಮುಂದೆ ಏನು ಕಾಣುತ್ತದೆ ಎಂದು ಬಗ್ಗಿ ಬಗ್ಗಿ ನೋಡಿದರು.

"ಮುಂದ ನೋಡಿ ಟಿವಿ ತಗೋಬಾರದ್ರಿ ಸರ. ಮುಂದ ಎಲ್ಲಾವೂ ಚಂದನ ಇರತಾವು. ಹಿಂದ ನೋಡಬೇಕು. ಇದು ಹಳದಿ, ಬಿಳಿ, ಕೆಂಪು. ಹಳೇ ಕಾಲದ್ದು. ಚಿತ್ರಾ ಬರತೈತಿ, ಖರೇ, ಆದ್ರ ಮಬ್ಬ. ಇದು ನೋಡ್ರಿ ಚಪ್ಪಟಿ ಕಿಂಡಿ, ಎರಡು ಮೂಲಿ ಕತ್ತರಿಸಿದಂಗ ಐತಿ. ಇದಕ್ಕ ಎಚ್‌ಡಿಎಂಐ ಅಂತಾರ. ಇಂಥಾವು ಎರಡರ ಇರಬೇಕು. ಒಂದು ಡಿಶ್ ಡಬ್ಬಿಗೆ, ಒಂದು ಡಿವಿಡಿಗೆ."

ಎಚ್‌ಡಿ ಟಿವಿ ತಂದು, ಹಳೆಯ ಡಬ್ಬಿಗೆ ಹಳೆಯ ವೈರು ಚುಚ್ಚಿ, ಚಿತ್ರ ಚೆನ್ನಾಗಿಲ್ಲ ಎಂದು ಕಂಪನಿಯನ್ನು ಬೈಯುವವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಆರು ತಿಂಗಳು ನಮ್ಮ ಮನೆಯ ಟಿವಿಯಲ್ಲಿ ವಾರ್ತೆ ಓದುವವರೆಲ್ಲ ಬಾವು ಬಂದವರ ಹಾಗೆ ಅಗಲವಾಗಿ ಕಂಡರು. ಇದನ್ನು ಹೇಳಿದಾಗ ಸುಂದರವ್ವ ಮೊದಲ ಸಲ ನಕ್ಕರು.

"ನಮ್ಮ ಮಂದೀನೂ ಹಂಗರಿ. ಬಾಜೂಕ ಕರೀ ಪಟ್ಟಿ ಬಂದ್ರ ಸಿಟ್ಟ ಬರತೈತಿ. ಪೂರ್ತಿ ಟಿವಿಗೆ ರೊಕ್ಕಾ ಕೊಟ್ಟೇವಿ, ಪೂರ್ತಿ ಕಾಣ್ಲಿ ಅಂತ ಚಿತ್ರಾನ ಅಗಲ ಎಳೀತಾರ. ಮಬ್ಬ ಯಾಕ ಅಂತ ಕೇಳಿದ್ರ ನಾ ಏನ ಹೇಳ್ತೀನಿ, ಟಾಕಿ ದೊಡ್ಡದ ಐತಿ, ನಳಾನೂ ದೊಡ್ಡದ ಐತಿ, ನಡುವಿನ ಪೈಪ ಬೆರಳಷ್ಟ ಇದ್ರ ನೀರ ಹೆಂಗ ಬರತಾವು? ಚಾನಲ್ಲು, ಡಬ್ಬಿ, ವೈರು, ಟಿವಿ, ನಾಕೂ ಸರಿ ಇರಬೇಕು."

ಈ ಬುದ್ಧಿಮಾತು ಶುರುವಾದದ್ದು ಎರಡು ವರ್ಷದ ಹಿಂದೆ. ಝುವಾರಿನಗರದ ಒಬ್ಬರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಅರ್ಧ ತಾಸು ನಿಂತೇ ಇದ್ದರಂತೆ. ಸೇಲ್ಸ್‌ಮನ್‌ಗಳ ಹಿಂದಿ, ಇಂಗ್ಲಿಷು ಅವರಿಗೆ ತಿಳಿಯದು, ಹಣದ ಗಲ್ಲೆಯಲ್ಲಿ ಕೂತ ಸಾಹುಕಾರರ ಹತ್ತಿರ ಹೋಗಲು ಅಂಜಿಕೆ. ಸುಂದರವ್ವ ಬಟ್ಟೆ ಹಿಂಡುತ್ತಾ, "ಖೋಲಿ ಎಷ್ಟ ಫೂಟ ಐತ್ರಿ?" ಎಂದು ಕೇಳಿದರು. ಎಂಟು ಅಡಿಯ ಖೋಲಿಗೆ ಮೂವತ್ತೆರಡು ಇಂಚು ಸಾಕು ಎಂದರು. ಅಲ್ಲಿಂದ ಇಲ್ಲಿಯವರೆಗೆ ಅರವತ್ತು ಮನೆ ದಾಟಿದೆ. ಬಂಗಾರದ ಬಣ್ಣದ ದುಬಾರಿ ವೈರಿಗೂ ಸಾದಾ ವೈರಿಗೂ ಇಷ್ಟು ಹತ್ತಿರಕ್ಕೆ ಚಿತ್ರದಲ್ಲಿ ಫರಕಿಲ್ಲ ಎಂದೂ ಇವರು ಹೇಳಿಬಿಡುತ್ತಾರೆ. ಸೇಲ್ಸ್‌ಮನ್‌ಗಳಿಗೆ ಇವರನ್ನು ಕಂಡರೆ ಯಾಕೆ ಆಗದು ಎಂದು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

"ಅರವತ್ತ ಮಂದಿ ಒಳಗ ಒಬ್ಬರೂ ತಿರುಗಿ ಬಂದಿದ್ದಿಲ್ರಿ," ಎನ್ನುವಾಗ ದನಿ ಇಳಿಯುತ್ತದೆ. "ನಾ ಒಂದ ಮನ್ಯಾಗರ ಟಿವಿ ಜೋಡಿಸಿಲ್ಲ. ಅಂಗಡ್ಯಾಗ ನೋಡಿದ್ದಷ್ಟ. ನನ್ನ ಲೆಕ್ಕಾನ ತಪ್ಪಿತ್ತಂದ್ರ? ಅರವತ್ತೂ ಮನಿ ಮಂದೀಗೆ ನಾ ಸುಳ್ಳ ಹೇಳಿದಂಗ ಆತಲ್ರಿ."

ಹನ್ನೊಂದರ ಬಸ್ಸಿಗೆ ಝುವಾರಿನಗರಕ್ಕೆ ಹೊರಡುತ್ತೇವೆ. ಅವರ ಚೀಲದಲ್ಲಿ ಹೊಸದೊಂದು ಎಚ್‌ಡಿಎಂಐ ವೈರು. ದಾರಿಯುದ್ದಕ್ಕೂ ಚೀಲದ ಬಾಯಿ ಬಿಚ್ಚಿ ನೋಡುವುದು, ಮತ್ತೆ ಮುಚ್ಚುವುದು. ಬರೆಯಲು ಬಂದವನು ಪಕ್ಷ ವಹಿಸಬಾರದು ಎಂಬುದೆಲ್ಲ ಬಸ್ಸಿನಲ್ಲೇ ಮರೆತುಹೋಗಿದೆ.

ದೇವಲಪ್ಪ, ತುಳಸಿಬಾಯಿ ವಿಜಾಪುರ ಕಡೆಯ ತಾಂಡಾದಿಂದ ಬಂದ ದಂಪತಿ. ಅವರದು ಗಲ್ಲಿಯ ಕೊನೆಯ ಖೋಲಿ. ಟಿವಿಗೆ ಚೆಂಡುಹೂವಿನ ಮಾಲೆ ಬಾಡಿ ಅಂಟಿಕೊಂಡಿದೆ. ಚಿತ್ರ ಓಡುತ್ತಿದೆ, ಆದರೆ ಮಬ್ಬು, ಅಗಲ ಮುಖಗಳು.

"ನೋಡ ತಂಗಿ," ಎನ್ನುತ್ತಾರೆ ದೇವಲಪ್ಪ. ಸಿಟ್ಟಿಗಿಂತ ಬೇಜಾರು ಹೆಚ್ಚಿದೆ. "ಹಳೇ ಟಿವಿ ಕೊಟ್ಟು ಇದನ್ನ ತಂದೇವಿ, ಎಚ್‌ಡಿ ಡಬ್ಬೀನೂ ಹಾಕಿಸೇವಿ. ಹಳೇದ ಚಲೋ ಇತ್ತು. ಜೋಡಸಾಕ ಬಂದಾಂವ ನಿನ್ನ ಚಪ್ಪಟಿ ವೈರ ಹತ್ತೂದಿಲ್ಲ, ಟಿವೀನ ಕೆಟ್ಟೈತಿ ಅಂದ. ಹಳದೀದು ಹಾಕಿ ಹೋದ."

ಸುಂದರವ್ವ ಬಾಡಿದ ಮಾಲೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಸ್ವಿಚ್ ಆರಿಸಿ, ವೈರು ಕಿತ್ತು, ನನ್ನ ಮೊಬೈಲಿನ ಬೆಳಕು ಇಸಿದುಕೊಂಡು ಟಿವಿಯ ಹಿಂದೆ ಕೂರುತ್ತಾರೆ. ತುಂಬ ಹೊತ್ತು ಹೊರಗೆ ಬರುವುದಿಲ್ಲ. ಕೊನೆಗೆ ಕೇಳುತ್ತಾರೆ, "ಅಕ್ಕಾ, ಟಿವಿಗೆ ಪೂಜಿ ಮಾಡಿದ್ರ್ಯಾ?"

"ಮಾಡದ ಇರತೀವೇನ?" ತುಳಸಿಬಾಯಿಗೆ ಅಚ್ಚರಿ. "ಬಂದ ದಿನಾನ ಮಾಡೇನಿ. ಕುಂಕುಮ ಹಚ್ಚಿ, ಅಕ್ಕಿಕಾಳ ಹಾಕಿ, ಕಾಯಿ ಒಡದೇನಿ."

"ಎಲ್ಲೆಲ್ಲಿ ಹಚ್ಚಿದ್ರಿ?"

"ಮುಂದ ಗಾಜಿಗೆ ಹಚ್ಚಬ್ಯಾಡ ಅಂದ್ರು ಇವರು. ಅದಕ್ಕ ಹಿಂದ ಹಚ್ಚೇನಿ. ಒಂದ ಕಿಂಡೀನೂ ಬಿಟ್ಟಿಲ್ಲವ್ವಾ."

ಚಪ್ಪಟೆ ಕಿಂಡಿಗಳಲ್ಲಿ ಕುಂಕುಮ ತುಂಬಿದೆ. ಒಂದರಲ್ಲಂತೂ ಅಕ್ಕಿಯ ಕಾಳೊಂದು ಅಡ್ಡ ಸಿಕ್ಕಿಕೊಂಡಿದೆ. ವೈರು ಒಳಗೆ ಕೂರುವುದಾದರೂ ಹೇಗೆ? ಜೋಡಿಸಲು ಬಂದ ಪುಣ್ಯಾತ್ಮ ಬಗ್ಗಿ ನೋಡುವ ಶ್ರಮವನ್ನೇ ತೆಗೆದುಕೊಂಡಿಲ್ಲ. ಸುಂದರವ್ವ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಳ್ಳುತ್ತಾರೆ. ಕಿಂಡಿಯೊಳಗಿನ ಲೋಹದ ಪಟ್ಟಿಗಳು ಡೊಂಕಾಗಿದ್ದರೆ ಮುಗಿಯಿತು, ಯಾರಿಂದಲೂ ಆಗದು ಎಂದು ನನಗೆ ಪಿಸುಗುಟ್ಟುತ್ತಾರೆ. ಕಾಳು ಎರಡು ಸಲ ಜಾರಿ ಮೂರನೆಯ ಸಲ ಹೊರಬರುತ್ತದೆ. ಹಲ್ಲುಜ್ಜುವ ಒಣ ಬ್ರಶ್ಶಿನಿಂದ ಕುಂಕುಮ ಕೆರೆದು, ಊದಿ, ಮತ್ತೆ ಬೆಳಕು ಬಿಟ್ಟು ನೋಡಿ, ಹೊಸ ವೈರು ಚುಚ್ಚುತ್ತಾರೆ. ಈ ಸಲ ಅದು ಪೂರ್ತಿ ಒಳಗೆ ಹೋಗುತ್ತದೆ.

ಸ್ವಿಚ್ ಹಾಕಿದರೆ ಚಿತ್ರವೇ ಇಲ್ಲ. ಬರೀ ನೀಲಿ.

ದೇವಲಪ್ಪ ತಲೆ ಅಲ್ಲಾಡಿಸುತ್ತಾರೆ. ತುಳಸಿಬಾಯಿ ಕೈಮುಗಿದು ನಿಂತಿದ್ದಾರೆ, ತಾನೇ ಕೆಡಿಸಿದೆನೆಂಬ ಭಯ ಆಕೆಗೆ. ಸುಂದರವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ರಿಮೋಟ್ ತೆಗೆದುಕೊಂಡು, ಅಂಗಡಿಯಲ್ಲಿ ಕಿಂಡಿ ಬದಲಿಸಲು ಸೇಲ್ಸ್‌ಮನ್‌ಗಳು ಒತ್ತುವ ಗುಂಡಿ ಯಾವುದೆಂದು ಹುಡುಕಿ, ಒಂದು ಸಲ ಒತ್ತುತ್ತಾರೆ. ನೀಲಿ. ಎರಡು ಸಲ. ನೀಲಿ. ಮೂರನೆಯ ಸಲಕ್ಕೆ ಖೋಲಿ ತುಂಬ ಹುಲ್ಲುಗಾವಲು, ಅದರಲ್ಲೊಂದು ಹುಲಿ.

"ಏ, ಮೀಸಿ ಎಣಿಸಬಹುದು ನೋಡ!" ಎಂದು ದೇವಲಪ್ಪ ಹೆಂಡತಿಯ ತೋಳು ಹಿಡಿದು ಎಳೆಯುತ್ತಾರೆ. ಸುಂದರವ್ವ ಕೂತಲ್ಲಿಂದ ಏಳುವುದಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಕನ್ನಡದ ಚಾನಲ್ಲುಗಳು ಈ ಡಬ್ಬಿಯಲ್ಲಿ ಇಷ್ಟು ಸ್ವಚ್ಛವಾಗಿ ಬರುವುದಿಲ್ಲ, ಅದು ಟಿವಿಯ ತಪ್ಪಲ್ಲ ಎಂದು ಇಬ್ಬರಿಗೂ ತೋರಿಸಿಯೇ ಹೇಳುತ್ತಾರೆ. ಅಗಲ ಮುಖಗಳನ್ನು ಸರಿಮಾಡಿದಾಗ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ. "ಇರ್ಲಿ ಬಿಡ, ಮಂದಿ ಮಂದಿ ಹಂಗ ಕಾಣತಾರ," ಎನ್ನುತ್ತಾರೆ ತುಳಸಿಬಾಯಿ.

ಮಧ್ಯಾಹ್ನ ಅಂಗಡಿಗೆ ಮರಳುತ್ತೇವೆ. ಗುರುಪಾದಪ್ಪ ಎಲ್ಲ ಕೇಳಿಸಿಕೊಳ್ಳುತ್ತಾರೆ. ಕೆಟ್ಟ ಮನುಷ್ಯರಲ್ಲ, ಆದರೆ ವ್ಯಾಪಾರಿ. ದೇವಲಪ್ಪ ಗುರುವಾರ ಬಿಟ್ಟುಹೋಗಿದ್ದ ವಾರಂಟಿ ಕಾಗದ ಹೊರತೆಗೆದು ಪೆನ್ನು ಬಿಚ್ಚುತ್ತಾರೆ.

"ಅಂದ್ರ ತಪ್ಪು ಗಿರಾಕೀದು. ಬರದ ಇಡತೀನಿ. ನಾಳೆ ಕೆಟ್ಟಿತಂದ್ರ ನಮ್ಮ ಕಡೆ ಬರೂಹಂಗಿಲ್ಲ."

ಸುಂದರವ್ವ ಬದುಕಿಕೊಂಡರು, ಇನ್ನು ಸುಮ್ಮನಿರಬಹುದಿತ್ತು. ಸುಮ್ಮನಿರಲಿ ಎಂದೇ ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಅವರು ಗಲ್ಲೆಯ ಹತ್ತಿರ ಒಂದು ಹೆಜ್ಜೆ ಸರಿಯುತ್ತಾರೆ.

"ಅವರದಲ್ರಿ ಸಾವ್ಕಾರ್ರ, ನಂದು. ನಮ್ಮ ಮಂದಿ ಹೊಸಾದು ಏನ ತಂದ್ರೂ ಪೂಜಿ ಮಾಡತಾರ, ನನಗ ಗೊತ್ತೈತಿ. ಕಿಂಡಿಗೆ ಹಚ್ಚಬ್ಯಾಡ್ರಿ ಅಂತ ನಾ ಹೇಳಬೇಕಾಗಿತ್ತು. ಹೇಳಲಿಲ್ಲ. ಅವರ ಕಾಗದದ ಮ್ಯಾಲ ಬರೀಬ್ಯಾಡ್ರಿ."

ಗುರುಪಾದಪ್ಪ ಪೆನ್ನಿಗೆ ಮುಚ್ಚಳ ಹಾಕಿ ಕಾಗದವನ್ನು ಹಾಗೆಯೇ ಒಳಗಿಡುತ್ತಾರೆ.

"ಸೋಮವಾರ ಬಾ," ಎನ್ನುತ್ತಾರೆ ಗಡುಸಾಗಿ. "ಆದ್ರ ನಿನ್ನ ಕೆಲಸ ಕಸಾ ಹೊಡಿಯೂದು. ಅದನ್ನ ಮರೀಬ್ಯಾಡ."

"ಮರಿಯೂದಿಲ್ರಿ," ಎನ್ನುತ್ತಾರೆ ಸುಂದರವ್ವ. "ಕಸಾ ಹೊಡಿಯೂದು ಹತ್ತರ ತನಕ ಮುಗಸ್ತೀನಿ. ಹತ್ತರ ಮ್ಯಾಲ ಮಂದಿ ಕೇಳಾಕ ಬರತಾರಲ್ರಿ, ಅದೂ ನನ್ನ ಕೆಲಸನರಿ."