ಮಾರಿಕಣಿವೆ ಏರಿನಲ್ಲಿ ಒಂದು ಕುರಿ

ಹಿರಿಯೂರಿನಿಂದ ಹೊಸದುರ್ಗಕ್ಕೆ ಮಾರಿಕಣಿವೆ ಜಲಾಶಯದ ಪಕ್ಕದ ಗುಡ್ಡಗಳ ನಡುವೆ ಹೋಗುವಾಗ ಅಪ್ಪ ಕಾರು ನಿಲ್ಲಿಸಲೇ ಇಲ್ಲ. "ಒಂದು ಗಳಿಗೆ ನಿಲ್ಸ್ರಿ, ನೀರು ನೋಡಾಣ" ಅಂತ ಅಮ್ಮ ಮೂರು ಸಲ ಕೇಳಿದಳು. "ಹೊತ್ತಾಗ್ತೈತೆ" ಅನ್ನೋದೊಂದೇ ಉತ್ತರ. ಹೊಸದುರ್ಗದಲ್ಲಿ ನಮಗಾಗಿ ಯಾರೂ ಕಾದಿರಲಿಲ್ಲ.

ಏರಿನಲ್ಲಿ ಕುರಿಹಿಂಡು ಅಡ್ಡ ಬಂತು. ಕುರಿ ಕಾಯುವವನೊಬ್ಬ ಕಿಟಕಿಯಿಂದ ಎಳೆಮರಿಯನ್ನು ನನ್ನ ಮಡಿಲಿಗಿಟ್ಟ. "ಇವತ್ತು ಹುಟ್ಟೈತೆ ಯಜಮಾನ್ರೆ, ಏರು ಹತ್ತಾಕಾಗಲ್ಲ. ಮ್ಯಾಲಿನ ತಿರುವಿನ ತಂಕ ಒಯ್ರಿ. ಮೆಲ್ಲಗೆ ಹೋಗ್ರಿ, ಮರಿ ಕಾಣ್ದಿದ್ರೆ ತಾಯಿ ತಿರುಗಿ ಓಡ್ತೈತೆ."

ಮರಿಯನ್ನು ಕಿಟಕಿಗೆ ಹಿಡಿದು ಕೂತೆ. ತಾಯಿಕುರಿ ಅರಚುತ್ತಾ ಪಕ್ಕದಲ್ಲೇ ನಡೆಯಿತು. ಅದು ನಿಂತಾಗಲೆಲ್ಲ ಅಪ್ಪ ತುಟಿ ಕಚ್ಚಿಕೊಂಡು ಬ್ರೇಕ್ ಒತ್ತಿದ. ಅಮ್ಮ ಜಲಾಶಯದ ನೀರನ್ನು ಕಣ್ತುಂಬ ನೋಡಿದಳು.

ಮರಿ ಇಳಿಸಿದ್ದೇ ತಡ, ಕಾರು ಮತ್ತೆ ಓಡಿತು. ಅಮ್ಮ ಅಂದಳು: "ಮುಂದಿನ ಸಲ ನಾನೂ ಕಾರಿನ ಪಕ್ಕ ನಡ್ಕಂಡೇ ಬರ್ತೀನಿ. ಆಗಾದ್ರೂ ನಿಲ್ಲಿಸ್ತೀರೇನೋ."