ತಪ್ಪಿಸಿಕೊಂಡ ನರ

ಕಳೆದ ಗುರುವಾರ ನನ್ನ ಹೆಂಡತಿ ನನಗೆ ಸೂಜಿ ಚುಚ್ಚಿದಳು. ಮಾತಿನ ಸೂಜಿಯಲ್ಲ ಮಾರಾಯ್ರೆ, ಸಿರಿಂಜಿನದು! ಅದೂ ಎರಡು ಸಲ.

ಮಸ್ಕತ್ತಿಗೆ ಬಂದ ಮೇಲೆ ಸುಮತಿ ಆರು ವರ್ಷ ಅಲ್ ಅಜೈಬಾದ ನಮ್ಮ ಫ್ಲ್ಯಾಟಿನಲ್ಲೇ ಕಳೆದಳು. ಇಲ್ಲಿ ಎಲ್ಲರಿಗೂ ಅವಳು 'ಶೆಟ್ರ ವೈಫ್'. ಪಕ್ಕದ ಸೀಬ್ ಊರಿನ ಒಂದು ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವುದನ್ನು ಕಲಿಸುತ್ತಾರೆ, ಪಾಸಾದರೆ ಅಲ್ಲೇ ಕೆಲಸ ಕೊಡುತ್ತಾರೆ ಎಂದು ಗೊತ್ತಾದದ್ದೇ ಹೋಗಿ ಸೇರಿಕೊಂಡಳು. (ನನ್ನನ್ನು ಕೇಳಿದಳಾ? ಕೇಳಿದಳು. ಸೇರಿ ಬಂದ ಮೇಲೆ.)

ಅಲ್ಲಿಂದ ಶುರು, ಮನೆ ತುಂಬ ಮೆಡಿಕಲ್ ಟರ್ಮಿನಾಲಜಿ. ನನ್ನ ಭಾವಗೀತೆಯ ಕ್ಯಾಸೆಟ್ಟಿನ ಮೇಲೆ ಪಾಠವನ್ನು ತನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿಕೊಂಡಳು. ಸಾರಿಗೆ ಒಗ್ಗರಣೆ ಹಾಕುತ್ತಾ ಅದನ್ನೇ ಕೇಳುವುದು. ನರದಿಂದ ರಕ್ತ ತೆಗೆದರೆ ವೆನಿಪಂಕ್ಚರ್. ಚರ್ಮದಡಿ ರಕ್ತ ಸೋರಿ ನೀಲಿಗಟ್ಟಿದರೆ ಹೆಮಟೋಮಾ. ಮೊನ್ನೆ ಮಗಳು ಮೊಣಕಾಲು ಜಜ್ಜಿಕೊಂಡು ಬಂದು, "ಡೋಂಟ್ ವರಿ ಪಪ್ಪಾ, ಇಟ್ಸ್ ಓನ್ಲಿ ಎ ಹೆಮಟೋಮಾ" ಅಂದಳು!

ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರತಿಯೊಬ್ಬರೂ ಮನೆಯವರೊಬ್ಬರನ್ನು ಕರೆತರಬೇಕಂತೆ. ಮಗಳು ಚಿಕ್ಕವಳು, ನಮ್ಮಲ್ಲಿ ಬೇರೆ ಯಾರಿದ್ದಾರೆ? ಸೂಜಿ ಕಂಡರೆ ನನಗೆ ಜೀವವೇ ಹೋಗುತ್ತದೆ. ಆದರೂ ಹೋದೆ.

ಕಲಿಸುವ ಗ್ರೇಸಿ ಮೇಡಂ ಮಂಗಳೂರಿನವರು. ಪಕ್ಕದಲ್ಲೇ ನಿಂತರು. ಸುಮತಿ ನನ್ನ ಬಲಗೈಗೆ ಪಟ್ಟಿ ಬಿಗಿದಳು, ಎಲ್ಲದರ ಹೆಸರನ್ನೂ ಪಟಪಟನೆ ಹೇಳಿದಳು, ಚುಚ್ಚಿದಳು. ರಕ್ತ ಬರಲಿಲ್ಲ. ಸೂಜಿ ಹೊರಗೆ ತೆಗೆಯುವಾಗ ಅವಳ ಹಣೆಯಲ್ಲಿ ಬೆವರು.

"ಎಂತ ಆಯ್ತು?" ಮೇಡಂ ಕೇಳಿದರು.

"ರೋಲಿಂಗ್ ವೇನ್, ಮೇಡಂ."

ಅಂದರೆ, ಸೂಜಿ ಬರುವಾಗ ನರ ಪಕ್ಕಕ್ಕೆ ಜಾರಿತಂತೆ. ಆಹಾ, ಎಂಥ ಪದ! ಚುಚ್ಚಿದವರದು ಏನೂ ಇಲ್ಲ, ಓಡಿದ್ದು ನರ. ನಮ್ಮ ಆಫೀಸಿನಲ್ಲೂ ಇಂಥವು ಬೇಕಾದಷ್ಟಿವೆ. ಸಾಮಾನು ಬರದಿದ್ದರೆ 'ಶಿಪ್‌ಮೆಂಟ್ ಡಿಲೇ'. ಆರ್ಡರ್ ಹಾಕಲು ಮರೆತ ಮಹಾನುಭಾವನ ಸುದ್ದಿ ಅದರಲ್ಲಿ ಬರುತ್ತದಾ? ಶಾಲೆಯಲ್ಲಿ 'ವೀಕ್ ಸ್ಟೂಡೆಂಟ್' ಅಂತಾರೆ. ಪಾಠ ಮಾಡಿದವರು ಹೇಗಿದ್ದರು ಎಂದು ಯಾರೂ ಕೇಳುವುದಿಲ್ಲ.

ಮೇಡಂ ಮುಖ ಗಂಟಿಕ್ಕಿದರು. ಇವಳು ಫೇಲಾದಳು ಅನ್ನಿಸಿತು. ಇಷ್ಟು ದಿನ ಓದಿದ್ದೆಲ್ಲ ನೀರುಪಾಲು!

"ತಪ್ಪು ನನ್ನದು ಮೇಡಂ, ಹೆದರಿ ಕೈ ಎಳೆದುಬಿಟ್ಟೆ" ಎಂದು ಸುಳ್ಳು ಬಿಟ್ಟೆ.

ಸುಮತಿ ನನ್ನನ್ನು ದುರುಗುಟ್ಟಿ ನೋಡಿದಳು. "ಇಲ್ಲ ಮೇಡಂ. ಇವರು ಅಲುಗಾಡಲೇ ಇಲ್ಲ. ನಾನೇ ಚರ್ಮ ಗಟ್ಟಿ ಎಳೆದು ಹಿಡೀಲಿಲ್ಲ, ಅದಕ್ಕೇ ನರ ಜಾರಿತು."

"ಹಾಂ, ಹಾಗೆ ಹೇಳು" ಎಂದರು ಮೇಡಂ. "ಈಗ ಎಡಗೈ ನೋಡುವ."

ಈ ಸಲ ಬಂತು. ಹೆಂಡತಿ ಪಾಸ್. ನನ್ನ ತಲೆ ಗಿರ್ರೆಂದಿತು, ಆದರೂ ಬೀಳಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೂತಳು. ನನಗೂ ರೇಗಿತು. "ನಿನ್ನನ್ನು ಉಳಿಸ್ಲಿಕ್ಕೆ ಅಲ್ವಾ ನಾನು ಹೇಳಿದ್ದು? ಕೋಪ ಎಂತಕ್ಕೆ?"

"ಇಲ್ಲಿ ವೀಸಾ ನಿಮ್ಮದು, ಮನೆ ನಿಮ್ಮದು, ಹೆಸರೂ ನಿಮ್ಮದೇ. ಆರು ವರ್ಷಕ್ಕೆ ನಂದು ಅಂತ ಒಂದು ಕೆಲಸ ಸಿಕ್ಕಿದೆ. ಅದರಲ್ಲಿ ತಪ್ಪಾದ್ರೂ ನಂದೇ ಇರ್ಲಿ ಮಾರಾಯ್ರೆ!"



ಕೇಳದೆಯೇ ಹೆಂಡತಿಯ ಸಹಾಯಕ್ಕೆ ನುಗ್ಗುವ ನಮ್ಮಂಥವರ ಈ ಕಾಯಿಲೆಗೆ ಮೆಡಿಕಲ್ ಟರ್ಮ್ ಏನು?