ಹೊರಸು ಬಡಿದ ಗುರುತು

ಎಪ್ಪತ್ತರ ದಶಕದಲ್ಲಿ ಐದು ವರ್ಷ ನಾನು ಹಾಸಿಗೆ ಹಿಡಿದ ಅತ್ತೆಯ ಆರೈಕೆ ಮಾಡಿದೆ. ಅದಕ್ಕಾಗಿ ಯಾರಾದರೂ ನನ್ನನ್ನು ಹೊಗಳಿದರೆ ಈಗಲೂ ಮೈ ಉರಿಯುತ್ತದೆ. ಅತ್ತೆಯ ಸೇವೆಯಿಂದ ನಾನು ಅರ್ಧ ಸೋತೆ, ಉಳಿದರ್ಧ ಸೋತದ್ದು ಈ ಹೊಗಳಿಕೆಯಿಂದ.

ನನ್ನ ಗಂಡನ ಊರು ಸಿಂದಗಿ ಕಡೆಯ ಯಂಕಂಚಿ. ಮದುವೆಯಾದ ಆರನೆಯ ವರ್ಷಕ್ಕೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಒಂದೊಂದೇ ಪದಕ್ಕೆ ಇಳಿಯಿತು. ಪಡಸಾಲೆಯಲ್ಲಿ ಹಗ್ಗ ಹೆಣೆದ ಹೊರಸು ಹಾಕಿ ಮಲಗಿಸಿದೆವು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು, ಕುಸುಬಿ ಎಣ್ಣೆ ತಿಕ್ಕಬೇಕು, ನುಚ್ಚಿಗೆ ಮಜ್ಜಿಗೆ ಕಲಸಿ ಉಣಿಸಬೇಕು, ಒದ್ದೆಯಾದ ಕೌದಿಯನ್ನು ಹಳ್ಳಕ್ಕೆ ಹೊತ್ತು ಒಗೆದು ತರಬೇಕು. ನೀರು ಕುಡಿದ ಕೌದಿಯ ಭಾರ ಹೊತ್ತವರಿಗೇ ಗೊತ್ತು. ನನ್ನ ಗಂಡ ಕೆಟ್ಟವರಲ್ಲ. ಆದರೆ ಮಗನಾದವನು ತಾಯಿಯ ಮೈ ಕೆಲಸಕ್ಕೆ ಕೈ ಹಾಕಬಾರದು ಎಂಬುದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾನೂನಾಗಿತ್ತು.

ಇದರ ಮೇಲೆ ಮಾತಾಡಿಸಲು ಬರುವವರು. ನಮ್ಮ ಕಡೆ ಹಾಸಿಗೆ ಹಿಡಿದವರನ್ನು ನೋಡಲು ಬರದಿದ್ದರೆ ಸಂಬಂಧವೇ ಕಡಿದಂತೆ. ತಾಂಬಾದಿಂದ ಬಂದರು, ಇಂಡಿಯಿಂದ ಬಂದರು, ಯಾವ ಕಡೆಯ ನೆಂಟರೆಂದು ನನಗೇ ಗೊತ್ತಾಗದವರೂ ಬಂದರು. ಒಂದು ಡಜನ್ ಬಾಳೆಹಣ್ಣು ಹೊರಸಿನ ಮೇಲಿಟ್ಟು, ಅತ್ತೆಯ ಮುಂದೆ ಒಂದಿಷ್ಟು ಕಣ್ಣೀರು ಹಾಕಿ, ನಂತರ ಗೋಡೆಗೆ ಒರಗಿ ಕೂತರೆ ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ಅವರಿಗೆ ಚಹಾ, ಚುರುಮುರಿ, ಆಮೇಲೆ ರೊಟ್ಟಿ. ರೋಗಿಗೆ ನುಚ್ಚು ಕುದಿಸುವ ಒಲೆಯ ಮೇಲೆ ಅವರ ಪಲ್ಲೆ ಕುದಿಯುತ್ತಿತ್ತು.

"ಸೊಸಿ ಅಂದ್ರ ಹಿಂಗಿರಬೇಕ ನೋಡ್ರಿ," ಎನ್ನುತ್ತಿದ್ದರು ಹೋಗುವಾಗ.

ನಾನೂ ಮೊದಮೊದಲು ಉಬ್ಬಿದೆ. "ಅತ್ತಿ ನನ್ನ ಕೈಲೆ ಅಷ್ಟ ಉಣ್ತಾರ್ರಿ, ಬ್ಯಾರೆಯವ್ರ ಕೊಟ್ರ ಉಗುಳ್ತಾರ," ಎಂದು ಬಂದವರಿಗೆಲ್ಲ ಹೇಳಿದೆ. ಪಕ್ಕದ ಮನೆಯಾಕೆ ಒಂದು ದಿನ ತಾನು ಉಣಿಸುತ್ತೇನೆಂದು ಬಂದಾಗ ಬೇಡವೆಂದು ಕಳಿಸಿದೆ. ನನ್ನ ಬಾಯಿಂದಲೇ ನನಗೆ ಬಾಗಿಲು ಹಾಕಿಕೊಂಡೆ. ಅದು ಬೇರೆ ಯಾರ ತಪ್ಪೂ ಅಲ್ಲ.

ತಡೆಯಲಾರದಷ್ಟು ಸಿಟ್ಟು ಬರುತ್ತಿದ್ದುದು ಪಂಚಮಿಗೆ. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ ಅದು. ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ. ತವರಿನಲ್ಲಿ ಉಂಡಿ ತಿಂದು, ಜೋಕಾಲಿ ಆಡಿ, ನಿದ್ದೆ ಮಾಡಿ ಬರುವುದು. ನಮ್ಮಣ್ಣ ಬಸವನ ಬಾಗೇವಾಡಿ ಕಡೆಯ ನಮ್ಮೂರಿನಿಂದ ಪ್ರತಿ ವರ್ಷ ಬಂದ. ಮೂರು ವರ್ಷವೂ ನಾನು ಕಟ್ಟಿಕೊಟ್ಟ ಶೇಂಗಾ ಉಂಡಿಯ ಗಂಟು ಹಿಡಿದು ಒಬ್ಬನೇ ಹಿಂದಿರುಗಿದ. ಅದೇ ಹೊತ್ತಿಗೆ ತಾಳಿಕೋಟೆಗೆ ಕೊಟ್ಟ ನನ್ನ ನಾದಿನಿ ಬಸ್ಸಿಳಿದು ಬರುತ್ತಿದ್ದಳು. ಅವಳಿಗೆ ಇದು ತವರು. ಹಬ್ಬಕ್ಕೆ ಬಂದ ಮಗಳು ಕೆಲಸ ಮುಟ್ಟುವಂತಿಲ್ಲ. ಅವಳು ಹಿತ್ತಲ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯಲ್ಲಿ ತೂಗುತ್ತಿದ್ದಳು. ನಾನು ಒಳಗೆ ಅವಳ ತಾಯಿಯ ಮೈ ಒರೆಸುತ್ತಿದ್ದೆ. ಜೋಕಾಲಿ ಹಗ್ಗದ ಕಿರಗುಟ್ಟುವ ಸದ್ದು ಪಡಸಾಲೆಯವರೆಗೂ ಕೇಳುತ್ತಿತ್ತು.

"ನಾ ದಣದೇನ್ರಿ," ಎಂದೆ ಗಂಡನಿಗೆ, ಮೂರನೆಯ ವರ್ಷ. "ಈ ಸಲ ಹೋಗಿ ಬರ್ತೇನಿ."

"ಅವ್ವನ್ನ ಯಾರು ನೋಡ್ತಾರ? ತಂಗಿ ವರ್ಷಕ್ಕೊಮ್ಮೆ ಬರ್ತಾಳ. ಅಕಿ ಕೈಲೆ ಮಾಡಿಸೂದ ಚಂದ ಕಾಣಸ್ತೈತೇನು?"

ನನ್ನ ಕೈಯಿಂದ ವರ್ಷವಿಡೀ ಮಾಡಿಸುವುದು ಚಂದ ಕಾಣುತ್ತಿತ್ತು. ಇದನ್ನು ಬಾಯಲ್ಲಿ ಹೇಳಲಿಲ್ಲ, ರೊಟ್ಟಿ ಬಡಿದೆ. ಆ ದಿನದ ರೊಟ್ಟಿಗಳೆಲ್ಲ ಹರಿದವು.

ನಾಲ್ಕನೆಯ ವರ್ಷ, ಪಂಚಮಿಗೆ ಮೂರು ದಿನ ಇತ್ತು. ಬೆಳಿಗ್ಗೆ ಉಂಡಿಗೆ ಶೇಂಗಾ ಹುರಿಯುತ್ತಿದ್ದೆ. ಅತ್ತೆ ನೀರು ಕೇಳಿದರು. ಒಲೆ ಬಿಟ್ಟು ಹೋದೆ, ಕುಡಿಯಲಿಲ್ಲ. ನುಚ್ಚು ತಂದೆ, ಎರಡು ತುತ್ತು ಉಗುಳಿದರು. ಆಗಷ್ಟೇ ಹಾಸಿದ ಕೌದಿ ಒದ್ದೆಯಾಯಿತು. ಅತ್ತ ಶೇಂಗಾ ಸೀದ ವಾಸನೆ. ಬಟ್ಟಲು ತಳ್ಳಲು ಬಂದ ಅವರ ಎಡ ಮಣಿಕಟ್ಟನ್ನು ಹಿಡಿದೆ. ಎಷ್ಟು ಬಿಗಿಯಾಗಿ ಹಿಡಿದೆನೆಂದರೆ, ಬಿಡಬೇಕೆಂದರೂ ಬೆರಳು ಬಿಡಲಿಲ್ಲ.

"ಇನ್ನ ಎಷ್ಟ ದಿನ ಇರ್ತೀರಿ?" ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ಅಳಲಿಲ್ಲ, ಚೀರಲಿಲ್ಲ. ನನಗೆ ನನ್ನ ಕೈಯನ್ನು ಕಂಡೇ ಹೆದರಿಕೆಯಾಯಿತು. ಅಡುಗೆಮನೆಗೆ ಹೋಗಿ ಸೀದ ಶೇಂಗಾ ಆರಿಸುತ್ತ ಕೂತೆ.

ಮರುದಿನ ಮಧ್ಯಾಹ್ನ ನಾದಿನಿ ಬಂದಳು. ಅವಳ ಹಿಂದೆಯೇ ನಮ್ಮಣ್ಣನೂ ಬಂದ. ಅವನು ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಹುಯ್ದುಕೊಂಡು ಕುಡಿಯುತ್ತಿದ್ದ. ನನ್ನ ಗಂಡ ಅವನ ಪಕ್ಕದಲ್ಲಿದ್ದರು. ನಾದಿನಿ ತಾಯಿಯ ತಲೆ ಬಾಚುತ್ತ ಕೈ ನೋಡಿದಳು.

"ಯವ್ವಾ, ಕೈಗೆ ಏನಾತ?"

ಅತ್ತೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ನಾನು ಅಲ್ಲೇ ನಿಂತಿದ್ದೆ.

"ಹೊರಸು," ಎಂದರು. ಮತ್ತೊಂದು ಪದಕ್ಕೆ ಬಹಳ ಒದ್ದಾಡಿದರು. "ಬಡೀತು."

ಕಂದಿದ ಗುರುತು ನಾಲ್ಕು, ಸಾಲಾಗಿ. ಹೊರಸಿಗೆ ಎಲ್ಲಿಯ ಬೆರಳು. ಆದರೂ ನಾದಿನಿ ನಂಬಿದಳು. ನಂಬಿದ್ದಷ್ಟೇ ಅಲ್ಲ, ನನ್ನ ಕಡೆ ತಿರುಗಿ, "ವೈನಿ, ಹೊರಸಿನ ಅಂಚಿಗೆ ಒಂದ ಹಳೆ ಅರಿಬಿ ಸುತ್ತಬಾರದೇನ್ರಿ?" ಎಂದಳು.

ಆ ಒಂದು ಮಾತಿಗೆ ನಾಲ್ಕು ವರ್ಷದ್ದು ನನ್ನ ಬಾಯಿಗೆ ಬಂತು.

"ಹೊರಸಲ್ಲ," ಎಂದೆ. "ನನ್ನ ಕೈ."

ಕಟ್ಟೆಯ ಮೇಲೆ ಚಹಾ ಸೊರ್ ಎನ್ನುವುದು ನಿಂತಿತು. ನನ್ನ ಗಂಡ ಎದ್ದು ಒಳಗೆ ಬಂದರು. "ಅವ್ವನ್ನ ಹೊಡದಿಯೇನು?"

"ಹಿಡದೇನಿ. ನಿನ್ನೆ ಹಿಡದೇನಿ, ನಾಳೆ ಹೊಡೀತೇನಿ. ನನಗ ಗೊತ್ತೈತಿ. ಅದಕ್ಕ ಹೊಂಟೇನಿ."

ನಾದಿನಿಯ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಇತ್ತು. ನಾನು ಗೋಡೆಯ ಗೂಟಕ್ಕೆ ನೇತುಹಾಕಿದ್ದ ಚೀಲ ತೆಗೆದು ಎರಡು ಸೀರೆ ತುರುಕಿದೆ. ತುರುಕುತ್ತಲೇ ನಾದಿನಿಗೆ ಹೇಳಿದೆ: ನುಚ್ಚು ತೆಳ್ಳಗಿರಲಿ, ತುತ್ತು ಎಡ ದವಡೆಗೆ ಇಡು, ಮಗ್ಗುಲು ಬದಲಿಸುವಾಗ ಮೊದಲು ಭುಜ ಹಿಡಿ, ಕೌದಿಯ ಮೇಲೆ ಹಳೆ ಸೀರೆ ಹಾಸಿದರೆ ಒಗೆಯುವುದು ಕಡಿಮೆ. ಇಷ್ಟೇ. ಇಷ್ಟನ್ನು ಹೇಳಲು ಒಂದು ಚಹಾ ಕುದಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ತವರಿನಲ್ಲಿ ಜೋಕಾಲಿ ಆಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ದಿನ ಮಲಗಿಯೇ ಇದ್ದೆ. ಅವ್ವ ಉಣ್ಣಲು ಮಾತ್ರ ಎಬ್ಬಿಸಿದಳು. ಮೂರನೆಯ ದಿನ ಎದ್ದು ಕೂತಾಗ, ಅತ್ತೆಯ ಮಗ್ಗುಲು ಬದಲಿಸಿದರೋ ಇಲ್ಲವೋ ಎಂಬ ಚಿಂತೆ ಬಂತು. ಅದು ಬಂದದ್ದಕ್ಕೂ ನನಗೆ ಸಿಟ್ಟೇ ಬಂತು.

ಐದನೆಯ ದಿನ ಹಿಂದಿರುಗಿದೆ. ನಾದಿನಿ ಹೊರಸಿನ ಬುಡದಲ್ಲಿ ಬರೀ ನೆಲದ ಮೇಲೆ ಕೂತಿದ್ದಳು. ಹಬ್ಬದ ಹೊಸ ಸೀರೆ ಉಟ್ಟಿರಲಿಲ್ಲ. ಒಲೆಯ ಮುಂದೆ ನನ್ನ ಗಂಡ ನುಚ್ಚು ತಿರುವುತ್ತಿದ್ದರು.

"ಮೊದಲನೇ ದಿನ ಉಗುಳಿದ್ಳ ವೈನಿ," ಎಂದಳು ನಾದಿನಿ. "ಆಮ್ಯಾಲೆ ಉಂಡ್ಳು. ಅಣ್ಣ ಉಣಿಸಿದ್ರೂ ಉಂಡ್ಳು. ನಿನ್ನೆ ನಾನೂ ಒದರಿಬಿಟ್ಟೆ ಆಕಿ ಮ್ಯಾಲೆ. ಹ್ಯಾಂಗ ಮಾಡಿದ್ರಿ ಇಷ್ಟ ದಿನ?"

ಅತ್ತೆ ಬೇರೆಯವರ ಕೈಯಿಂದ ಉಂಡರೆಂಬುದು ನನಗೆ ಚುರುಕ್ ಎಂದಿತು. ಅದನ್ನೂ ಹೇಳಿಬಿಡುವುದು ಒಳ್ಳೆಯದು. ಹ್ಯಾಂಗ ಮಾಡಿದ್ರಿ ಎಂಬುದನ್ನು ಅವಳು ಮೂರು ವರ್ಷ ಮೊದಲೇ ಕೇಳಬೇಕಿತ್ತು.

ಅವಳು ಎದ್ದು ಹೋದ ಮೇಲೆ ಅತ್ತೆ ಎಡಗೈ ಚಾಚಿದರು. ಗುರುತು ಹಳದಿಗೆ ತಿರುಗಿತ್ತು.

"ಯಾಕ... ಹೇಳಿದಿ?"

"ಹೇಳದಿದ್ರ ನನ್ನ ಯಾರ ಬಿಡ್ತಿದ್ರು ಅತ್ತಿ?"

"ಹೌದು," ಎಂದರು.

ಮುಂದಿನ ವರ್ಷ ಪಂಚಮಿಗೆ ಇನ್ನೂ ಹದಿನೈದು ದಿನವಿತ್ತು. ಮಾತಾಡಿಸಲು ಬಂದವರು ನಾಲ್ಕು ಮಂದಿ ಕೂತಿದ್ದರು, ನಾನು ಎಂಥ ಸೊಸೆ ಎಂಬ ಮಾತು ನಡೆದಿತ್ತು. ಅತ್ತೆ ಎಡಗೈ ಎತ್ತಿ ಗೂಟದ ಕಡೆ ತೋರಿಸಿ, ಎಲ್ಲರಿಗೂ ಕೇಳುವಂತೆ, "ಚೀಲ," ಎಂದರು. ನನ್ನ ಗಂಡ ತಾವೇ ಎದ್ದು ತೆಗೆದು ನನ್ನ ಕೈಗೆ ಕೊಟ್ಟರು. ಆ ಗೂಟ ಮೊದಲಿಂದಲೂ ಅಲ್ಲೇ ಇತ್ತು, ಗಂಡನ ಕೈಗೆ ಎಟುಕುವಷ್ಟೇ ಎತ್ತರದಲ್ಲಿ.